ಬಾಯ್ಲರ್ ಮಾವನ ಬಿಪಿ

ಬಟ್ಟೆ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ನಮ್ಮ ಮಾವನಿಗೆ ಕೋಪ ಮೂಗಿನ ತುದಿಯಲ್ಲೇ. ಇಪ್ಪತ್ತೆಂಟು ವರ್ಷ ಒತ್ತಡದ ಮುಳ್ಳನ್ನೇ ನೋಡುತ್ತ ಬದುಕಿದವರು. ಆ ದಿನ ಅತ್ತೆ ಅವರನ್ನು ಬಲವಂತವಾಗಿ ಗಿರಣಿಯ ದವಾಖಾನೆಗೆ ಎಳೆದು ತಂದಿದ್ದರು. ನರ್ಸ್ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ಮತ್ತೊಮ್ಮೆ ತುಂಬಿದಳು. ನೂರತೊಂಬತ್ತು!

“ಮಾತ್ರೆ ತಗೊಳ್ತಾ ಇದೀರಾ?” ಅಂದಳು.

“ಹೋದ ತಿಂಗಳೇ ಬಿಪಿ ಇಳಿದಿತ್ತಲ್ಲ, ಬಿಟ್ಟೆ,” ಮಾವ ಗುಡುಗಿದರು. “ತಲೆನೋವಿಲ್ಲ, ತಲೆಸುತ್ತಿಲ್ಲ. ಗುಂಡುಕಲ್ಲಿನ ಹಾಗಿದೀನಿ!”

ನರ್ಸ್ ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ನಿಂತರು. ಚೀಲದಿಂದ ಮಾತ್ರೆಯ ಡಬ್ಬಿ ಹೊರತೆಗೆದರು.

“ಬಾಯ್ಲರ್ ಮುಳ್ಳು ಇಳಿದಿದೆ ಅಂತ ಸೇಫ್ಟಿ ವಾಲ್ವ್ ಬಿಚ್ಚಿ ಮನೆಗೆ ತರ್ತೀರಾ?”

ಮಾವ ಅತ್ತೆಯತ್ತ ಅಂಗೈ ಚಾಚಿದರು.

“ಕೊಡು.”