ಫೋನಾನ್‌ಗಳೆಂಬ ಬೀಗರು

ಸತ್ಯ ಶಾಶ್ವತವಾದದ್ದು ಎಂದು ದೊಡ್ಡವರು ಹೇಳುತ್ತಾರೆ. ಅವರು ಹೇಳುವಾಗ ಕರೆಂಟ್ ಇತ್ತೆಂದು ಕಾಣುತ್ತದೆ. ಮೊನ್ನೆ ಅನಗೋಳದ ನಮ್ಮ ಮನೆಯಲ್ಲಿ ಯುಪಿಎಸ್ ಸುಟ್ಟು ಕಮರು ವಾಸನೆ ಹಬ್ಬಿದಾಗ ನನ್ನ ಪಿಎಚ್‌ಡಿ ಗೈಡ್ ನೆನಪಾದರು... ನಮ್ಮ ಲ್ಯಾಬಿನ ಖಾಯಂ ಪರಿಮಳ ಅದೇ ಆಗಿತ್ತು.

ಖಾನಾಪುರದಿಂದ ದಿನಾ ಬಸ್ಸಿನಲ್ಲಿ ಬೆಳಗಾವಿಗೆ ಬರುತ್ತಿದ್ದ ಸರ್, ತಮ್ಮ ಆಯುಷ್ಯವನ್ನು ಒಂದು ಸರಪಳಿಗೆ ಅರ್ಪಿಸಿದ್ದರು. ಕಂಪ್ಯೂಟರಿನೊಳಗೆ ಮಾತ್ರ ಇದ್ದ, ಪರಮಾಣುಗಳ ಸರಪಳಿ. ಅದರಲ್ಲಿ ಎಲೆಕ್ಟ್ರಾನುಗಳು ಒಂದನ್ನೊಂದು ದೂಡುತ್ತವೆ. ಪರಮಾಣುಗಳ ನಡುಕ, ಅಂದರೆ ಫೋನಾನ್‌ಗಳು, ಅವನ್ನು ಜೋಡಿ ಮಾಡಲು ನೋಡುತ್ತವೆ. ಯಾವ ಪಕ್ಷ ಗೆದ್ದರೂ ವಿದ್ಯುತ್ ಹರಿಯದು. ಎರಡೂ ಸಮಬಲವಾದಾಗ ಮಾತ್ರ ನಡುವಿನ ಒಂದು ಕಿರಿದಾದ ಸಂದಿಯಲ್ಲಿ ಹರಿಯುತ್ತದೆ ಎಂದು ಸರ್ ಹರೆಯದಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಪರದೇಶದವರಿಗೆ ಅವರ ಹೆಸರು ಗೊತ್ತಿದ್ದದ್ದು ಆ ಸಂದಿಯಿಂದಲೇ.

ಲೆಕ್ಕದ ತೊಡಕನ್ನು ಅವರು ಹೀಗೆ ಕಲಿಸುತ್ತಿದ್ದರು: "ಎಲೆಕ್ಟ್ರಾನ್ ಅಂದ್ರ ಮನಿ ಮಂದಿ. ಒಂದ ಮನ್ಯಾಗ ಇಬ್ಬರಕಿಂತ ಹೆಚ್ಚ ಇರಂಗಿಲ್ಲ. ಫೋನಾನ್ ಅಂದ್ರ ಬೀಗರು. ಎಷ್ಟ ಮಂದಿ ಬರತಾರೋ ಹೇಳಾಕ ಆಗಂಗಿಲ್ಲ. ಕಂಪ್ಯೂಟರ್‌ದಾಗ ಜಾಗಾ ಇಲ್ಲಂತ ನಾವ ಬಾಗಲಾ ಹಾಕೂದು."

ಅವರ ಕಾಲದ ಪುಟ್ಟ ಕಂಪ್ಯೂಟರಿನಲ್ಲಿ ಬಾಗಿಲನ್ನು ಬೇಗನೆ ಹಾಕಬೇಕಾಗಿತ್ತು. ನಾನು ಹೊಸ ಯಂತ್ರದಲ್ಲಿ ಬೀಗರನ್ನು ಧಾರಾಳವಾಗಿ ಒಳಗೆ ಬಿಟ್ಟೆ. ಸಂದಿ ಮುಚ್ಚಿಹೋಯಿತು. ನನ್ನ ಪ್ರಬಂಧಕ್ಕೆ ಸಹಿ ಹಾಕಬೇಕಾದವರು ಇದೇ ಸರ್.

"ಸರ್, ನಿಮ್ಮ ಸಂದಿ... ಕಾಣವಲ್ದರೀ."

"ಬೀಗರನ್ನ ಇನ್ನಷ್ಟ ಬಿಟ್ಟ ನೋಡಿದ್ಯೇನು?"

"ನೋಡೀನ್ರೀ. ಆಗೂ ಇಲ್ರೀ."

ಅವರು ಗ್ರಾಫನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕರು.

"ಖರೇ ಐತಿ ಬಿಡೋ. ಬಾಗಲಾ ನಾನ ಹಾಕೀನಿ, ಮ್ಯಾಲ ಬೀಗರು ಇಷ್ಟ ಮಂದಿನ ಬಂದಾರಂತ ಊರಿಗೆಲ್ಲಾ ಹೇಳೀನಿ! ಹೆದರಿ ಯಾಕ ನಿಂತಿ? ಕುಂದರು. ಮೊದಲ ಇದನ್ನ ಬರಿಯೂಣು."

ಹಳೆಯ ಫಲಿತಾಂಶ 'ಅಪೂರ್ಣ' ಎಂದು ನಾನು ಮೆತ್ತಗೆ ಬರೆದಿದ್ದೆ. ಸರ್ ಅದನ್ನು ಹೊಡೆದುಹಾಕಿ 'ತಪ್ಪು' ಎಂದು ಬರೆದರು. ಕೆಳಗೆ ತಮ್ಮ ಹೆಸರನ್ನೇ ಮೊದಲು ಹಾಕಿದರು. ಅಂಥ ಧೈರ್ಯವನ್ನು ನಾನು ಮತ್ತೆಲ್ಲೂ ಕಂಡಿಲ್ಲ...

ಸರ್ ಈಗಿಲ್ಲ. ತಿದ್ದುಪಡಿ ಪ್ರಕಟವಾಯಿತು, ನನಗೆ ಪದವಿಯೂ ಬಂತು. ಅವರ ಹಳೆಯ ಲೇಖನವನ್ನು ಜನ ಇಂದಿಗೂ ಉಲ್ಲೇಖಿಸುತ್ತಾರೆ. ತಿದ್ದುಪಡಿಯನ್ನು ಉಲ್ಲೇಖಿಸುವವನು ನಾನೊಬ್ಬನೇ.