ಗೌರಕ್ಕನ ಕಾಯಿಸಾರು

ಮಸಾಲೆ ಅರೆಯುವಾಗ ಗೌರಕ್ಕ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಕಾಯಿ ನುಣ್ಣಗಾದದ್ದು ಬೆರಳಿಗೇ ಗೊತ್ತಾಗಬೇಕಂತೆ.

ನಾನು ಮೊಳಕಾಲ್ಮೂರಿನ ನೇಕಾರರ ಮನೆಗೆ ಸೊಸೆಯಾಗಿ ಬಂದಾಗ ಅವಳು ನಮ್ಮ ಪಕ್ಕದ ಮನೆಯವಳು. ಹುಟ್ಟಿದ್ದು ಕಡಲ ತೀರದಲ್ಲಿ. ಗಂಡ ಹೊನ್ನಪ್ಪ ಘಟ್ಟದ ಕೆಳಗಿನಿಂದ ಒಣಮೀನು ತರಿಸಿ ಚಳ್ಳಕೆರೆ ಸಂತೆಯಲ್ಲಿ ಮಾರುತ್ತಿದ್ದ. ಹಿಂದಿರುಗುವಾಗ ಹೆಂಡತಿಗೆಂದು ಮರೆಯದೆ ತೆಂಗಿನಕಾಯಿ ತರುತ್ತಿದ್ದ. ಅದನ್ನು ಅರೆದು ಹಾಕಿ ಅವಳು ಒಣಮೀನಿನ ಕಾಯಿಸಾರು ಮಾಡುತ್ತಿದ್ದಳು.

ಅದೇ ಮೀನಿಗೆ ನಮ್ಮ ತೆಲುಗು ಮಾತಿನ ಮನೆಯಲ್ಲಿ ಹುಣಸೆಹುಳಿ, ಬೆಳ್ಳುಳ್ಳಿ, ಕೆಂಪು ಖಾರದ ಪುಲುಸು. ನನ್ನ ತವರು ನನ್ನಿವಾಳದಲ್ಲಾದರೆ ಹುರಿದ ಹುಚ್ಚೆಳ್ಳಿನ ಪುಡಿ ಬೀಳಲೇಬೇಕು. ಗೌರಕ್ಕನಿಗೆ ಎರಡೂ ಸೇರದು.

"ಎಂತ ಮಾರಾಯ್ತಿ, ಸತ್ತ ಮೀನಿಗೆ ಇಷ್ಟೊಂದು ಶಿಕ್ಷೆಯಾ?" ಎಂದು ನಗುತ್ತಿದ್ದಳು.

ಅವಳ ಒಬ್ಬಳೇ ಮಗಳು ರತ್ನಿ ಇಲ್ಲಿಯೇ ಹುಟ್ಟಿದವಳು. "ನಿನ್ ಸಾರು ಪಾಯಸ ಇದ್ದಂಗೈತೆ ಕಣವ್ವ" ಎಂದು ತಟ್ಟೆ ಹಿಡಿದು ನಮ್ಮ ಪುಲುಸಿಗೆ ಓಡಿಬರುತ್ತಿದ್ದಳು. ಗೌರಕ್ಕ ಬೈಯುತ್ತಲೇ ಹಿಂದೆ ಬಂದು, ಮಗಳು ಖಾರಕ್ಕೆ ಮೂಗು ಸೊರಸೊರ ಎಳೆಯುತ್ತ ಉಣ್ಣುವುದನ್ನು ನೋಡುತ್ತ ನಿಲ್ಲುತ್ತಿದ್ದಳು.

ಒಂದು ವರ್ಷ ಪ್ಲೇಗು ಬಂತು. ಮನೆಗಳಿಗೆ ಬೀಗ ಹಾಕಿ ಎಲ್ಲರೂ ಊರಾಚೆ ಗುಡಿಸಲು ಕಟ್ಟಿಕೊಂಡೆವು. ಸಂತೆ ನಿಂತಿತು. ರತ್ನಿಗೆ ಜ್ವರ ಏರಿತು, ಕಂಕುಳಲ್ಲಿ ಗಂಟು ಕಾಣಿಸಿತು. ಏನೂ ಉಣ್ಣದ ಹುಡುಗಿ ಒಂದು ಸಂಜೆ ಬಾಯಿಬಿಟ್ಟು ಕೇಳಿದಳು.

"ಅವ್ವಾ, ನಿನ್ ಕಾಯಿಸಾರು ಮಾಡ್ತೀಯಾ?"

ಹೊನ್ನಪ್ಪ ಗುಡಿಸಲು ಗುಡಿಸಲಿಗೂ ಹೋಗಿ ಬೇಡಿದ. ಒಂದು ಹೋಳು ಕಾಯಿ ಸಿಗಲಿಲ್ಲ. ನಾನು ಕೊಟ್ಟ ಹುಣಸೆಹಣ್ಣಿನಲ್ಲೇ ಗೌರಕ್ಕ ಸಾರು ಕಾಯಿಸಿ, ಖಾರ ಕಡಿಮೆ ಮಾಡಿ, ಕಾಯಿಸಾರೆಂದು ಹೇಳಿ ಬಾಯಿಗಿಟ್ಟಳು. ರತ್ನಿ ಚಪ್ಪರಿಸಿ ನೋಡಿದಳು.

"ಇದು ನಿಂದಲ್ಲ ಕಣವ್ವ" ಎಂದು ಮುಖ ತಿರುಗಿಸಿದಳು.

ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಊರಿಗೆ ಮರಳಿದ ಮೇಲೆ ಗೌರಕ್ಕ ಕಾಯಿ ಅರೆಯಲಿಲ್ಲ. ಹೊನ್ನಪ್ಪ ತಂದ ಕಾಯಿಗಳು ಮೂಲೆಯಲ್ಲಿ ಒಣಗಿ ಕೊಬ್ಬರಿಯಾದವು. ನಾವು ಮೀನು ಬೇಯಿಸಿದ ದಿನ ಗೌರಕ್ಕ ರತ್ನಿಯಂತೆಯೇ ತಟ್ಟೆ ಹಿಡಿದು ನಮ್ಮ ಮನೆಗೇ ಬಂದು, ನಮ್ಮ ಪುಲುಸು ಹಾಕಿಸಿಕೊಂಡು ಉಂಡು ಹೋಗುತ್ತಿದ್ದಳು.

ಕೊನೆಗೆ ಗಂಡ ಹೆಂಡತಿ ತಮ್ಮ ಊರಿಗೇ ಹೊರಟರು. ಗಾಡಿ ಕಟ್ಟುವ ಹೊತ್ತಿಗೆ, ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು ನಾನು, "ಅಲ್ಲಿ ನಿಮ್ಮೋರು ಇದಾರೆ, ನಿಮ್ಮ ಊಟ ಐತೆ ಬಿಡಕ್ಕಾ" ಎಂದೆ.

ಗೌರಕ್ಕ ನನ್ನ ಕೈ ಹಿಡಿದುಕೊಂಡಳು.

"ಅಲ್ಲಿ ಎಲ್ಲರ ಮನೆಯಲ್ಲೂ ಕಾಯಿಸಾರೇ ಅಲ್ವನೇ ತಂಗಿ. ನಾನು ಯಾರ ಮನೆಗೆ ಹೋಗಿ ಉಣ್ಣಲಿ?"

ಹೊನ್ನಪ್ಪ ಕರೆದ. ಅವಳು ಕೈ ಬಿಡಿಸಿಕೊಂಡು ಗಾಡಿ ಹತ್ತಿದಳು. ಆಮೇಲೆ ಆ ಕಡೆಯಿಂದ ಬಂದ ಮೀನಿನವರನ್ನೆಲ್ಲ ಕೇಳಿದೆ; ಯಾರಿಗೂ ಅವಳ ಸುದ್ದಿ ಗೊತ್ತಿರಲಿಲ್ಲ.