ಹಡಗಿನ್ಯಾಗ ರೊಟ್ಟಿ ಬಡದದ್ದು

ನಡು ಸಮುದ್ರದಾಗ ಇಂಜಿನ್ ಕೆಟ್ರ ಏನ್ ಮಾಡ್ತಿದ್ರಿ ಅಂತ ನಮ್ಮ ಆಲಮೇಲದ ಮಂದಿ ನನ್ನ ಈಗೂ ಕೇಳ್ತಾರ. ಸರಕಿನ ಹಡಗಿನ್ಯಾಗ ನಾನು ಅಡಿಗಿ ಮಾಡಾಂವ. ಇಂಜಿನ್ ಸುದ್ದಿ ನನಗೇನ್ ಗೊತ್ತು? ಗೊತ್ತಿದ್ದದ್ದು ಇಷ್ಟ.

ಒಮ್ಮೆ ರಜಾ ಮುಗಿಸಿ ಹೋಗೂಮುಂದ ಅವ್ವ ಜೋಳದ ಹಿಟ್ಟು ಕಟ್ಟಿಕೊಟ್ಟಿದ್ಲು. ಹಡಗು ಹೊಂಟ ಮರುದಿನ ಮುಂಜಾನೆ ಅಡಿಗಿಮನಿಯ ಕಬ್ಬಿಣದ ಮೇಜಿನ ಮ್ಯಾಲೆ ರೊಟ್ಟಿ ಬಡಿಯಾಕತ್ತಿದ್ನಿ. ಆ ಸಪ್ಪಳ ಗೋಡಿ ಹಿಡದು ಚೀಫ್ ಇಂಜಿನಿಯರ್ ಕೋಣಿಗೆ ಹೋತು. ಮಂಗಳೂರು ಕಡಿಯವ್ರು ಅವ್ರು. ಇಂಜಿನ್ ಬಡ್ಕೊಳ್ಳಾಕತ್ತೈತಿ ಅಂತ ತಿಳದು ಟಾರ್ಚ್ ಹಿಡ್ಕೊಂಡು ಇಂಜಿನ್ ರೂಮಿಗೆ ಓಡಿದ್ರು. ಅಷ್ಟ್ರಾಗ ನಾನು ರೊಟ್ಟಿ ಹಂಚಿಗೆ ಹಾಕಿದ್ನಿ, ಸಪ್ಪಳ ನಿಂತಿತು. ಅವ್ರು ಬೆವತು ಮ್ಯಾಲೆ ಬಂದ್ರು. ನಾನು ಮುಂದಿನ ರೊಟ್ಟಿ ಹಿಡದ್ನಿ. ಅವ್ರು ಮತ್ತ ಕೆಳಗ ಓಡಿದ್ರು.

ಕಡೀಕ ಸಪ್ಪಳದ ಬೆನ್ನ ಹತ್ತಿ ಅಡಿಗಿಮನಿ ಬಾಗಿಲಿಗೆ ಬಂದು ನಿಂತ್ರು.

"ಎಂಥದು ಮಾರಾಯ ಇದು? ನಾನು ಇಂಜಿನ್ ಬಿಚ್ಚಲಿಕ್ಕೆ ಹೇಳಿ ಬಂದೆ."

"ರೊಟ್ಟಿರಿ ಸಾಹೇಬ್ರ."

"ಅದಕ್ಕೆ ಹೀಗೆ ಹೊಡೆಯುವುದು ಯಾಕೆ?"

"ಬಡೀಲಿಲ್ಲಂದ್ರ ರೊಟ್ಟಿ ಆಗೂದಿಲ್ರಿ."

ಬೈಯಾಕ ಬಾಯಿ ತಗದ್ರು. ನಾನು ಬಿಸಿ ರೊಟ್ಟಿ, ಶೇಂಗಾ ಚಟ್ನಿ ಮುಂದ ಇಟ್ನಿ. ಅಲ್ಲೇ ಕುಂತು ತಿಂದ್ರು. ಮರುದಿನದಿಂದ ಸಪ್ಪಳ ಕೇಳಿದ್ರ ಸಾಕು, ಇಂಜಿನ್ ರೂಮಿನ ಮಂದಿ ತಾಟು ಹಿಡ್ಕೊಂಡು ಬರಾಕತ್ತಿದ್ರು.

ಹಿಟ್ಟು ತೀರಿದ ಮ್ಯಾಲೆ ಒಂದಿನ ಇಂಜಿನ್ ಖರೇನ ಬಡ್ಕೊಳ್ಳಾಕತ್ತಿತು. ಒಬ್ರೂ ಕೆಳಗ ಓಡಲಿಲ್ಲ. ನನ್ನ ತಣ್ಣನ ಹಂಚಿನ ಮುಂದ ತಾಟು ಹಿಡ್ಕೊಂಡು ಪಾಳಿ ಹಚ್ಚಿದ್ರು, ಎಲ್ಲಾರಿಗಿಂತ ಮುಂದ ಚೀಫ್ ಸಾಹೇಬ್ರು.